ದೋಣಿಯ ಬ್ಯಾಟರಿಗೆ ದೋಣಿಯಲ್ಲೇ ಚಾರ್ಜರ್

ಆನ್‌ಬೋರ್ಡ್ ಬ್ಯಾಟರಿ ಚಾರ್ಜರ್ ಎಂದರೆ ದೋಣಿಯ ಒಳಗೋಡೆಗೆ ಸ್ಕ್ರೂ ಹಾಕಿ ಬಿಗಿದ, ನೀರು ನುಗ್ಗದ ಒಂದು ಪೆಟ್ಟಿಗೆ. ಅದರಿಂದ ಹೊರಟ ತಂತಿಗಳು ಬ್ಯಾಟರಿಗಳ ಟರ್ಮಿನಲ್‌ಗಳಿಗೆ ಕಾಯಂ ಆಗಿ ಜೋಡಣೆಯಾಗಿರುತ್ತವೆ. ದೋಣಿ ದಡ ಸೇರಿದ ಮೇಲೆ ಮನೆಯ ಪ್ಲಗ್ಗಿನಿಂದಲೋ ಜೆಟ್ಟಿಯ ಪ್ಲಗ್ಗಿನಿಂದಲೋ ಒಂದು ವೈರು ಎಳೆದು ಸಿಕ್ಕಿಸಿದರಾಯಿತು, ಉಳಿದದ್ದನ್ನು ಪೆಟ್ಟಿಗೆ ನೋಡಿಕೊಳ್ಳುತ್ತದೆ. ಇದಿಲ್ಲದ ದೋಣಿಯಲ್ಲಿ ಸುಮಾರು 30 ಕಿಲೊ ತೂಗುವ ಬ್ಯಾಟರಿಗಳನ್ನು ಒಂದೊಂದಾಗಿ ಬಿಚ್ಚಿ ಹೊತ್ತು ತರಬೇಕು, ಇಲ್ಲವೇ ಕ್ಲಿಪ್ಪಿನ ಚಾರ್ಜರನ್ನು ದೋಣಿಯೊಳಗೆ ಒಯ್ದು ಒಂದಾದ ಮೇಲೊಂದಕ್ಕೆ ಹಚ್ಚಬೇಕು. ದಿನವಿಡೀ ನೀರಿನ ಮೇಲಿದ್ದು ದಣಿದು ಬಂದವರು ಆ ಕೆಲಸವನ್ನು ನಾಳೆಗೆ ಬಿಡುತ್ತಾರೆ, ನಾಳೆ ವಾರವಾಗುತ್ತದೆ. ದೋಣಿಯ ಬ್ಯಾಟರಿಗಳು ಅವಧಿಗೆ ಮೊದಲೇ ಸಾಯುವುದು ಬಳಸಿ ಬಳಸಿ ಅಲ್ಲ, ಬಹುಪಾಲು ಹೀಗೆ ಖಾಲಿ ಹೊಟ್ಟೆಯಲ್ಲಿ ಬಿದ್ದಿದ್ದು.

ಈ ಸಾಧನದ ಬಳಕೆ ಹೆಚ್ಚಾಗಿ ಕಾಣುವುದು ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ. ಬಾಸ್ ಎಂಬ ಮೀನನ್ನು ಗಾಳ ಹಾಕಿ ಹಿಡಿಯುವುದು ಅಲ್ಲಿ ಲಕ್ಷಾಂತರ ಜನರ ಹವ್ಯಾಸ. ಅದಕ್ಕೆಂದೇ ಕಟ್ಟಿದ ದೋಣಿಯ ಹಿಂಬದಿಯಲ್ಲಿ ಪೆಟ್ರೋಲ್ ಕುಡಿಯುವ ಔಟ್‌ಬೋರ್ಡ್ ಎಂಜಿನ್ ಇರುತ್ತದೆ. ದೂರ ಕ್ರಮಿಸುವುದಕ್ಕೆ ಅದು. ಮೀನಿರುವ ಜಾಗ ತಲುಪಿದ ಮೇಲೆ ಅದನ್ನು ನಿಲ್ಲಿಸಿ, ಮುಂಬದಿಯಲ್ಲಿರುವ ಟ್ರೋಲಿಂಗ್ ಮೋಟರ್ ಎಂಬ ಪುಟ್ಟ ವಿದ್ಯುತ್ ಮೋಟರನ್ನು ನೀರಿಗಿಳಿಸುತ್ತಾರೆ. ಸದ್ದಿಲ್ಲದೆ, ಮೀನು ಬೆದರದಂತೆ ದೋಣಿಯನ್ನು ಮೆಲ್ಲಗೆ ಸರಿಸುವುದು ಅದರ ಕೆಲಸ. 1934ರಲ್ಲಿ ಉತ್ತರ ಡಕೋಟದ ಫಾರ್ಗೊ ಪಟ್ಟಣದ ಓ. ಜಿ. ಶ್ಮಿಟ್ ಇಂಥ ಮೋಟರನ್ನು ರೂಪಿಸಿದರು. ಆ ಊರು ಮಿನೆಸೋಟ ರಾಜ್ಯದ ಗಡಿಗೆ ಅಂಟಿಕೊಂಡಿರುವುದರಿಂದ ಎರಡೂ ರಾಜ್ಯಗಳ ಹೆಸರು ಬೆರೆತು ಮಿನ್ ಕೋಟ ಎಂಬ ಕಂಪನಿ ಹುಟ್ಟಿತು. ಇಂದಿನ ಟ್ರೋಲಿಂಗ್ ಮೋಟರುಗಳು 12, 24 ಅಥವಾ 36 ವೋಲ್ಟಿನಲ್ಲಿ ಓಡುತ್ತವೆ. 36 ವೋಲ್ಟಿನ ಮೋಟರಿಗೆ 12 ವೋಲ್ಟಿನ ಮೂರು ಬ್ಯಾಟರಿ, ಎಂಜಿನ್ ಸ್ಟಾರ್ಟ್ ಮಾಡಲು ಇನ್ನೊಂದು ಎಂದು ಒಂದೇ ದೋಣಿಯಲ್ಲಿ ನಾಲ್ಕು ಬ್ಯಾಟರಿಗಳಿರುವುದು ಅಲ್ಲಿ ಸಾಮಾನ್ಯ.

ಎಂಜಿನ್ ಇದ್ದ ಮೇಲೆ ಅದರ ಆಲ್ಟರ್ನೇಟರ್ ಬ್ಯಾಟರಿಗಳನ್ನು ತುಂಬಿಸುವುದಿಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಕಾರಿನಲ್ಲಿ ಆಗುವುದು ಹಾಗೆಯೇ. ಆದರೆ ಬಾಸ್ ಬೋಟಿನ ಆಲ್ಟರ್ನೇಟರ್ ಸಾಮಾನ್ಯವಾಗಿ ಸ್ಟಾರ್ಟಿಂಗ್ ಬ್ಯಾಟರಿಗೆ ಮಾತ್ರ ಸೇರಿರುತ್ತದೆ. ಎಂಜಿನ್ ಓಡುವುದೂ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ನಡುವಿನ ಏಳೆಂಟು ತಾಸು ಟ್ರೋಲಿಂಗ್ ಮೋಟರ್ ಹೀರಿದ ವಿದ್ಯುತ್ತನ್ನು ಅಷ್ಟರಲ್ಲಿ ಮರಳಿ ತುಂಬಲಾಗದು. ಆ ಕೊರತೆಯನ್ನು ರಾತ್ರಿ, ದಡದ ಕರೆಂಟಿನಿಂದಲೇ ನೀಗಬೇಕು.

ಚಾರ್ಜರಿನ ಆಯ್ಕೆ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ಅಂಗಡಿಗೆ ಹೋಗಿ ಚಾರ್ಜರಿನ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದುವುದಕ್ಕಿಂತ ಮೊದಲು ದೋಣಿಯಲ್ಲಿರುವ ಬ್ಯಾಟರಿಯ ಲೇಬಲ್ ಓದಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದರು. ಅದರ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ. ಸೀಸದ ಪ್ಲೇಟುಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ ಹೊರಗೆ ಹರಿದಂತೆಲ್ಲ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಅದು ಕರಗಿ ಮರಳಿ ಆಮ್ಲವಾಗುತ್ತದೆ. ಬ್ಯಾಟರಿಯನ್ನು ಖಾಲಿಯಾಗಿಯೇ ದಿನಗಟ್ಟಲೆ ಬಿಟ್ಟರೆ ಮೆತ್ತಗಿದ್ದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ. ಆಮೇಲೆ ಯಾವ ಚಾರ್ಜರಿಗೂ ಅದನ್ನು ಪೂರ್ತಿ ಕರಗಿಸುವುದು ಸಾಧ್ಯವಿಲ್ಲ. 100 ಆಂಪಿಯರ್-ಅವರ್ ಎಂದು ಕೊಂಡ ಬ್ಯಾಟರಿ ಕ್ರಮೇಣ 70, 60ರಷ್ಟೇ ಕೊಡುವುದು ಇದರಿಂದಲೇ.

ಒಂದು 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಒಂದೊಂದೂ 2 ವೋಲ್ಟಿಗೆ ತುಸು ಮಿಕ್ಕಿ ಕೊಡುತ್ತದೆ. ತುಂಬಿದ ಬ್ಯಾಟರಿಯನ್ನು ಕೆಲವು ತಾಸು ಸುಮ್ಮನೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 12.6ರಿಂದ 12.7 ವೋಲ್ಟ್ ಕಾಣಬೇಕು. 12.2 ಕಂಡರೆ ಸುಮಾರು ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಉಳಿದಿರುವುದು ತಳದಲ್ಲಿರುವ ಅಲ್ಪಸ್ವಲ್ಪ. ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವಿನ ಅಂತರ ಒಂದು ವೋಲ್ಟೂ ಇಲ್ಲ. ಚಾರ್ಜರ್ ನಿಖರವಾಗಿರಬೇಕು ಎಂದು ಒತ್ತಿ ಹೇಳುವುದಕ್ಕೆ ಈ ಕಿರಿದಾದ ಅಂತರವೇ ಕಾರಣ.

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಹಲವು ಪ್ಲೇಟುಗಳಿರುತ್ತವೆ. ಕೆಲವು ಸೆಕೆಂಡುಗಳ ಮಟ್ಟಿಗೆ ನೂರಾರು ಆಂಪಿಯರ್ ಕೊಡುವುದಕ್ಕೆ ಹೇಳಿಮಾಡಿಸಿದ್ದು ಅದು. ಟ್ರೋಲಿಂಗ್ ಮೋಟರಿಗೆ ಬೇಕಾದ್ದು ಡೀಪ್ ಸೈಕಲ್ ಬ್ಯಾಟರಿ. ಅದರ ಪ್ಲೇಟುಗಳು ದಪ್ಪ, ನಿಧಾನವಾಗಿ ಆಳದವರೆಗೂ ಬರಿದಾಗಿ ಮತ್ತೆ ತುಂಬಿಕೊಳ್ಳಬಲ್ಲವು. ಕನ್ನಡನಾಡಿನ ಮನೆಮನೆಯ ಇನ್ವರ್ಟರಿನ ಪಕ್ಕ ಕುಳಿತಿರುವ ಟ್ಯೂಬುಲರ್ ಬ್ಯಾಟರಿಯೂ ಇದೇ ಜಾತಿಗೆ ಸೇರಿದ್ದು. ಆಮ್ಲ ದ್ರವವಾಗಿಯೇ ಇದ್ದು ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುವ ಬ್ಯಾಟರಿ ಒಂದು ಬಗೆ. ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿಟ್ಟ ಎಜಿಎಂ ಇನ್ನೊಂದು, ಆಮ್ಲವನ್ನು ಲೋಳೆಯಂತೆ ಗಟ್ಟಿಮಾಡಿದ ಜೆಲ್ ಮತ್ತೊಂದು. ಈಚೆಗೆ ಇವುಗಳ ಜಾಗಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬರುತ್ತಿದೆ. ಪ್ರತಿಯೊಂದೂ ಬೇರೆ ಬೇರೆ ವೋಲ್ಟೇಜ್ ಬೇಡುತ್ತದೆ.

ಒಳ್ಳೆಯ ಚಾರ್ಜರ್ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಬಲ್ಕ್: ಚಾರ್ಜರಿಗೆ ಎಷ್ಟು ಆಂಪಿಯರ್ ಕೊಡುವ ತ್ರಾಣವಿದೆಯೋ ಅಷ್ಟನ್ನೂ ಕೊಡುತ್ತದೆ, ಬ್ಯಾಟರಿಯ ವೋಲ್ಟೇಜ್ ಏರುತ್ತಾ ಹೋಗುತ್ತದೆ. 14.4 ವೋಲ್ಟಿನ ಆಸುಪಾಸು ತಲುಪಿದಾಗ ಎರಡನೆಯ ಹಂತ, ಅಬ್ಸಾರ್ಪ್ಶನ್: ಇಲ್ಲಿ ವೋಲ್ಟೇಜ್ ಅಲ್ಲೇ ನಿಲ್ಲುತ್ತದೆ, ಬ್ಯಾಟರಿ ಹೀರುವ ಆಂಪಿಯರ್ ತಾನಾಗಿ ಇಳಿಯುತ್ತದೆ. ರಾಗಿಯನ್ನು ಗೋಣಿಚೀಲಕ್ಕೆ ತುಂಬುವಾಗ ಮೊದಲ ಮುಕ್ಕಾಲನ್ನು ಮೊರದಿಂದ ಸುರಿದುಬಿಡಬಹುದು, ಕೊನೆಯ ಕಾಲು ಭಾಗಕ್ಕೆ ಚೀಲವನ್ನು ಕುಲುಕಿ ಕುಲುಕಿ ಸ್ವಲ್ಪಸ್ವಲ್ಪವೇ ಹಾಕಬೇಕು. ಬ್ಯಾಟರಿಯ ಕೊನೆಯ ಕಾಲು ಭಾಗವೂ ಹಾಗೆ. ಅವಸರ ಮಾಡಿದರೆ ವಿದ್ಯುತ್ತು ಸಲ್ಫೇಟನ್ನು ಕರಗಿಸುವ ಬದಲು ನೀರನ್ನು ಒಡೆದು ಜಲಜನಕ, ಆಮ್ಲಜನಕಗಳಾಗಿ ಹಾರಿಸಿಬಿಡುತ್ತದೆ. ಮೂರನೆಯದು ಫ್ಲೋಟ್: ತುಂಬಿದ ಮೇಲೆ 13.2ರಿಂದ 13.6 ವೋಲ್ಟಿನಲ್ಲಿ, ಬ್ಯಾಟರಿ ತಾನಾಗಿ ಕಳೆದುಕೊಳ್ಳುವ ಅಲ್ಪವನ್ನಷ್ಟೇ ಭರ್ತಿ ಮಾಡುತ್ತಾ ನಿಲ್ಲುವುದು. ಹಳೆಯ ಕಾಲದ ಸಾದಾ ಚಾರ್ಜರುಗಳಿಗೆ ಈ ಮೂರನೆಯ ಹಂತ ಗೊತ್ತಿರಲಿಲ್ಲ. ಮರೆತು ಎರಡು ದಿನ ಬಿಟ್ಟರೆ ಬ್ಯಾಟರಿಯ ನೀರೆಲ್ಲ ಕುದಿದು ಹೋಗುತ್ತಿತ್ತು.

ಎಜಿಎಂ ಬ್ಯಾಟರಿಗೆ ಎರಡನೆಯ ಹಂತದಲ್ಲಿ 14.4ರಿಂದ 14.7 ವೋಲ್ಟ್ ಬೇಕು. ಜೆಲ್ ಬ್ಯಾಟರಿ 14.1ರ ಸುಮಾರಿಗೇ ಸಾಕೆನ್ನುತ್ತದೆ. ಅದಕ್ಕೆ ಎಜಿಎಂ ವೋಲ್ಟೇಜ್ ಕೊಟ್ಟರೆ ಲೋಳೆಯಲ್ಲಿ ಗುಳ್ಳೆಗಳೆದ್ದು, ಅವು ಎಂದಿಗೂ ಮುಚ್ಚಿಕೊಳ್ಳದೆ ಬ್ಯಾಟರಿ ಹಾಳಾಗುತ್ತದೆ. ದ್ರವದ ಬ್ಯಾಟರಿಗೆ ಅಪರೂಪಕ್ಕೊಮ್ಮೆ 15 ವೋಲ್ಟಿಗಿಂತ ಮೇಲೊಯ್ದು ಕೋಶಗಳನ್ನು ಸಮಗೊಳಿಸುವ ಈಕ್ವಲೈಸೇಶನ್ ಎಂಬ ಕ್ರಮವಿದೆ. ಮುಚ್ಚಿದ ಬ್ಯಾಟರಿಗಳಿಗೆ ಅದು ಮಾರಕ. ಆದ್ದರಿಂದ ಚಾರ್ಜರಿನಲ್ಲಿ ಬ್ಯಾಟರಿಯ ಬಗೆಯನ್ನು ಆರಿಸುವ ಸ್ವಿಚ್ಚೋ ಗುಂಡಿಯೋ ಇರಲೇಬೇಕು. ಹಲವು ಬ್ಯಾಟರಿಗಳಿದ್ದರೆ ಒಂದೊಂದಕ್ಕೂ ಬೇರೆಬೇರೆಯಾಗಿ ಆರಿಸುವಂತಿದ್ದರೆ ಇನ್ನೂ ಒಳ್ಳೆಯದು.

ಬಿಸಿಲ ನಾಡಿನವರು ವಿಶೇಷವಾಗಿ ಗಮನಿಸಬೇಕಾದ್ದು ಉಷ್ಣಾಂಶದ ಹೊಂದಾಣಿಕೆ. ಮೇಲೆ ಹೇಳಿದ ಅಂಕಿಗಳೆಲ್ಲ 25 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. ಅದಕ್ಕಿಂತ ಒಂದು ಡಿಗ್ರಿ ಏರಿದಂತೆಲ್ಲ ಪ್ರತಿ ಕೋಶಕ್ಕೆ 3ರಿಂದ 5 ಮಿಲಿವೋಲ್ಟ್, ಎಂದರೆ ಆರು ಕೋಶಗಳಿಗೆ ಸುಮಾರು 0.02ರಿಂದ 0.03 ವೋಲ್ಟ್ ಇಳಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಮುಚ್ಚಿದ ದೋಣಿಯ ಒಡಲಿನಲ್ಲಿ 35 ಡಿಗ್ರಿ ಇರುವುದೇನೂ ಹೆಚ್ಚಲ್ಲ. ಆಗ 14.4ರ ಬದಲು 14.15 ವೋಲ್ಟ್ ಸಾಕಾಗುತ್ತದೆ. ಈ ಕಾಲು ವೋಲ್ಟಿನ ವ್ಯತ್ಯಾಸವನ್ನು ಲೆಕ್ಕಿಸದ ಚಾರ್ಜರ್ ಬೇಸಿಗೆಯುದ್ದಕ್ಕೂ ಬ್ಯಾಟರಿಯನ್ನು ಒಣಗಿಸುತ್ತದೆ. ಕೆಲವು ಚಾರ್ಜರುಗಳು ತಮ್ಮ ಮೈಯ ಬಿಸಿಯನ್ನು ಅಳೆದು ಅಂದಾಜು ಮಾಡುತ್ತವೆ. ಬ್ಯಾಟರಿಯ ಟರ್ಮಿನಲ್ಲಿಗೇ ಸೆನ್ಸರ್ ಕಟ್ಟುವ ಚಾರ್ಜರುಗಳು ಅವಕ್ಕಿಂತ ಮೇಲು, ಬೆಲೆ ತುಸು ಹೆಚ್ಚಾದರೂ.

ಎಷ್ಟು ಆಂಪಿಯರಿನ ಚಾರ್ಜರ್ ಬೇಕು ಎಂಬುದಕ್ಕೆ ಲೆಡ್ ಆಸಿಡ್ ಬ್ಯಾಟರಿಗಳ ಮಟ್ಟಿಗೆ ಸರಳ ಸೂತ್ರವಿದೆ: ಬ್ಯಾಟರಿಯ ಆಂಪಿಯರ್-ಅವರಿನ ನೂರಕ್ಕೆ 10ರಿಂದ 20. 100 ಆಂಪಿಯರ್-ಅವರಿನ ಬ್ಯಾಟರಿ ಅರ್ಧ ಖಾಲಿಯಾಗಿ ಬಂದಿದೆ ಎಂದುಕೊಂಡರೆ 50 ಆಂಪಿಯರ್-ಅವರ್ ತುಂಬಬೇಕು. 10 ಆಂಪಿಯರಿನ ಚಾರ್ಜರಿಗೆ ಕಾಗದದ ಮೇಲೆ ಐದು ತಾಸು ಸಾಕು. ತುಂಬುವಾಗ ಆಗುವ ನಷ್ಟವನ್ನೂ ಕೊನೆಯ ಹಂತದ ನಿಧಾನವನ್ನೂ ಸೇರಿಸಿದರೆ ಏಳೆಂಟು ತಾಸಾಗುತ್ತದೆ. ಸಂಜೆ ಏಳಕ್ಕೆ ಪ್ಲಗ್ ಹಾಕಿದರೆ ನಸುಕಿಗೆ ದೋಣಿ ಸಿದ್ಧ. 5 ಆಂಪಿಯರಿನದಾದರೆ ಮಾರನೆಯ ಬೆಳಿಗ್ಗೆಗೆ ಬ್ಯಾಟರಿ ಪೂರ್ತಿ ತುಂಬಿರುವುದಿಲ್ಲ. ಹೀಗೆ ದಿನವೂ ಅರೆಬರೆ ತುಂಬಿಸಿ ಬಳಸುವುದು ನಿಧಾನವಿಷದ ಹಾಗೆ ಬ್ಯಾಟರಿಯನ್ನು ಕೊಲ್ಲುತ್ತದೆ. ವಾರಕ್ಕೊಮ್ಮೆ ಮಾತ್ರ ನೀರಿಗಿಳಿಯುವ ದೋಣಿಗೆ 5 ಆಂಪಿಯರ್ ಧಾರಾಳವಾಯಿತು.

ಚಾರ್ಜರ್ ಕೊಳ್ಳುವಾಗ ಹೆಚ್ಚು ಗೊಂದಲ ಹುಟ್ಟಿಸುವುದು ಬ್ಯಾಂಕುಗಳ, ಎಂದರೆ ಒಂದೊಂದು ಬ್ಯಾಟರಿಯನ್ನು ತುಂಬಿಸುವ ಔಟ್‌ಪುಟ್‌ಗಳ, ಲೆಕ್ಕ. ದೋಣಿಯಲ್ಲಿ ಎಷ್ಟು ಬ್ಯಾಟರಿಗಳಿವೆಯೋ ಚಾರ್ಜರಿಗೆ ಅಷ್ಟು ಬ್ಯಾಂಕ್ ಇರಬೇಕು. ಪ್ರತಿ ಬ್ಯಾಂಕಿಗೂ ತನ್ನದೇ ಕೆಂಪು, ಕಪ್ಪು ತಂತಿಗಳ ಜೋಡಿ. ಪೆಟ್ಟಿಗೆಯ ಮೇಲೆ 30 ಆಂಪಿಯರ್ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಒಟ್ಟು ಮೊತ್ತವೋ ಬ್ಯಾಂಕ್ ಒಂದರದ್ದೋ ಎಂದು ನೋಡಬೇಕು. ಮೂರು ಬ್ಯಾಂಕುಗಳ ಚಾರ್ಜರಿನಲ್ಲಿ 30 ಆಂಪಿಯರ್ ಎಂದರೆ ಸಾಮಾನ್ಯವಾಗಿ ಒಂದಕ್ಕೆ 10.

ಬ್ಯಾಂಕುಗಳು ಒಂದರಿಂದೊಂದು ವಿದ್ಯುತ್ ಸಂಬಂಧವಿಲ್ಲದೆ ಪ್ರತ್ಯೇಕವಾಗಿರುವುದು ಅಂಕಿಗಳಿಗಿಂತ ಮುಖ್ಯ. 24 ವೋಲ್ಟಿನ ಮೋಟರಿಗೆ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ: ಮೊದಲನೆಯದರ ಪ್ಲಸ್‌ನಿಂದ ಎರಡನೆಯದರ ಮೈನಸ್‌ಗೆ ಒಂದು ಜಂಪರ್ ತಂತಿ. ಪ್ರತ್ಯೇಕ ಬ್ಯಾಂಕುಗಳಿರುವ ಚಾರ್ಜರಾದರೆ ಈ ಜಂಪರನ್ನು ಬಿಚ್ಚಬೇಕಿಲ್ಲ. ಒಂದನೆಯ ಬ್ಯಾಂಕಿನ ಎರಡು ತಂತಿ ಒಂದನೆಯ ಬ್ಯಾಟರಿಗೆ, ಎರಡನೆಯ ಬ್ಯಾಂಕಿನ ಎರಡು ತಂತಿ ಎರಡನೆಯದಕ್ಕೆ. ಒಂದರ ಪಾಡಿಗೆ ಒಂದು ತುಂಬಿಕೊಳ್ಳುತ್ತವೆ. ಒಳಗೆ ಎಲ್ಲ ಮೈನಸ್‌ಗಳೂ ಒಂದೇ ಕಡೆ ಸೇರಿರುವ ಅಗ್ಗದ ಚಾರ್ಜರನ್ನು ಇದೇ ಜಾಗದಲ್ಲಿ ಹಾಕಿದರೆ, ಎರಡನೆಯ ಬ್ಯಾಟರಿಯ ಮೈನಸ್ ಜಂಪರಿನ ಮೂಲಕ ಮೊದಲನೆಯದರ ಪ್ಲಸ್ಸೇ ಆಗಿರುವುದರಿಂದ, ಮೊದಲ ಬ್ಯಾಟರಿಯ ಪ್ಲಸ್ ಮತ್ತು ಮೈನಸ್ ಚಾರ್ಜರಿನೊಳಗೆ ನೇರ ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಫ್ಯೂಸ್ ಇಲ್ಲದಿದ್ದರೆ ಹೊಗೆ, ಆಮೇಲೆ ಬೆಂಕಿ.

ಚಾರ್ಜರ್ ಕೂರುವ ಜಾಗ ಎಂಥದ್ದು ಎಂಬುದರ ಮೇಲೂ ಆಯ್ಕೆ ನಿಂತಿದೆ. ದೋಣಿಗೆಂದೇ ಮಾಡಿದ ಚಾರ್ಜರಿನ ಸರ್ಕ್ಯೂಟನ್ನು ಎಪಾಕ್ಸಿ ಸುರಿದು ಪೂರ್ತಿ ಮುಚ್ಚಿರುತ್ತಾರೆ. ಅಲುಗಾಟಕ್ಕೂ ನೀರಿಗೂ ಅದೇ ರಕ್ಷೆ. ಗ್ಯಾರೇಜಿನಲ್ಲಿ ಬಳಸುವ ಫ್ಯಾನಿನ ಚಾರ್ಜರನ್ನು ತಂದು ದೋಣಿಯೊಳಗೆ ಬಿಗಿದರೆ ಉಪ್ಪುಗಾಳಿ ಕೆಲವೇ ತಿಂಗಳಲ್ಲಿ ಅದರ ಒಳಗನ್ನು ತಿನ್ನುತ್ತದೆ. ಪೆಟ್ರೋಲ್ ಎಂಜಿನ್ ಅಥವಾ ಟ್ಯಾಂಕ್ ಇರುವ ಕೋಣೆಯಲ್ಲಿ ಹಾಕುವುದಾದರೆ ಅದರ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ರಚಿಸಿದ, ಇಗ್ನಿಶನ್ ಪ್ರೊಟೆಕ್ಟೆಡ್ ಎಂದು ಗುರುತಿರುವ ಚಾರ್ಜರೇ ಆಗಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳು ಪೆಟ್ರೋಲ್ ಎಂಜಿನ್ ಕೋಣೆಯ ವಿದ್ಯುತ್ ಸಾಧನಗಳಿಗೆ ಇದನ್ನು ಕಡ್ಡಾಯ ಮಾಡಿವೆ. 1954ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್, ಚುಟುಕಾಗಿ ಎಬಿವೈಸಿ, ದೋಣಿಯ ವಿದ್ಯುತ್ ಕೆಲಸಕ್ಕೆ ಮಾನದಂಡಗಳನ್ನು ರೂಪಿಸಿದೆ. ಅವು ಕಾನೂನಲ್ಲ, ಆದರೂ ಅನುಭವಿ ಕೆಲಸಗಾರರು ಅವನ್ನು ಮೀರುವುದಿಲ್ಲ.

ಅಮೆರಿಕದಿಂದ ತರಿಸಿದ ಚಾರ್ಜರನ್ನು ಭಾರತದಲ್ಲಿ ಹಾಕುವವರು ಮೊದಲು ನೋಡಬೇಕಾದ್ದು ಇನ್‌ಪುಟ್ ವೋಲ್ಟೇಜ್. ಅಲ್ಲಿ ಮನೆಯ ಕರೆಂಟು 120 ವೋಲ್ಟ್, 60 ಹರ್ಟ್ಸ್; ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಲೇಬಲ್ಲಿನಲ್ಲಿ 100–240 ವೋಲ್ಟ್ ಎಂದಿದ್ದರೆ ತೊಂದರೆಯಿಲ್ಲ. 120 ಎಂದಷ್ಟೇ ಇದ್ದರೆ ಮಂಗಳೂರಿನ ಪ್ಲಗ್ಗಿಗೆ ಹಾಕಿದ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕರೆಂಟು ಎಳೆಯುವ ಪ್ರಮಾಣದ ಬಗ್ಗೆ ಮಾತ್ರ ಚಿಂತೆ ಬೇಡ: ತಲಾ 10 ಆಂಪಿಯರಿನ ಮೂರು ಬ್ಯಾಂಕುಗಳು ಪೂರ್ತಿ ಕೆಲಸ ಮಾಡುವಾಗಲೂ ಬೇಕಾಗುವುದು ಸುಮಾರು 500 ವ್ಯಾಟ್, 230 ವೋಲ್ಟಿನಲ್ಲಿ ಎರಡು ಆಂಪಿಯರಿಗೆ ತುಸು ಮಿಕ್ಕಿ.

ಅಳವಡಿಕೆಗೆ ಕೈಹಾಕುವ ಮೊದಲು ಬ್ಯಾಟರಿಯ ಸುತ್ತ ಯಾವ ಅನಿಲ ಎಲ್ಲಿ ಸೇರುತ್ತದೆ ಎಂಬುದು ತಿಳಿದಿರಬೇಕು. ಚಾರ್ಜ್ ಆಗುವ ಲೆಡ್ ಆಸಿಡ್ ಬ್ಯಾಟರಿಯಿಂದ ಏಳುವ ಜಲಜನಕ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ನಾಲ್ಕಾದರೂ ಸಾಕು, ಕಿಡಿ ತಾಗಿದರೆ ಸಿಡಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳಕ್ಕಿಳಿದು ಕೂರುತ್ತದೆ. ಆದ್ದರಿಂದ ಚಾರ್ಜರನ್ನು ಬ್ಯಾಟರಿಯ ನೆತ್ತಿಯ ಮೇಲೆ ಬಿಗಿಯಬಾರದು, ತಳದಲ್ಲೂ ಇಡಬಾರದು. ಬ್ಯಾಟರಿಯ ಪಕ್ಕದ ಗೋಡೆಯಲ್ಲಿ, ತಂತಿ ಎಟುಕುವಷ್ಟು ಹತ್ತಿರ, ನೀರು ನಿಲ್ಲುವ ಮಟ್ಟಕ್ಕಿಂತ ಎತ್ತರದಲ್ಲಿ ಇರಬೇಕು. ನೆತ್ತಿಯ ಮೇಲಿದ್ದರೆ ಜಲಜನಕದ ಜತೆ ಏಳುವ ಆಮ್ಲದ ತುಂತುರು ಚಾರ್ಜರಿನ ಲೋಹವನ್ನೂ ತಂತಿಯನ್ನೂ ತಿನ್ನುತ್ತದೆ.

ಕೆಲಸ ಮಾಡುವಾಗ ಚಾರ್ಜರ್ ಬಿಸಿಯಾಗುವುದು ಸಹಜ. ಫ್ಯಾನಿಲ್ಲದ ಈ ಪೆಟ್ಟಿಗೆ ಬಿಸಿಯನ್ನು ಹೊರಹಾಕುವುದು ಅಲ್ಯೂಮಿನಿಯಂ ಮೈಯ ಏಣುಗಳ ಮೂಲಕ. ಏಣುಗಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಬಿಗಿದರೆ ಬಿಸಿಗಾಳಿ ಸರಾಗವಾಗಿ ಏರುತ್ತದೆ. ಸುತ್ತ ಎಷ್ಟು ಜಾಗ ಬಿಡಬೇಕೆಂದು ತಯಾರಕರ ಕೈಪಿಡಿಯಲ್ಲಿ ಹೇಳಿರುತ್ತದೆ. ಆ ಜಾಗದಲ್ಲಿ ಲೈಫ್ ಜಾಕೆಟ್, ಹಗ್ಗ, ಬಲೆ ತುರುಕಿದರೆ ಚಾರ್ಜರ್ ತನ್ನ ರಕ್ಷಣೆಗಾಗಿ ಆಂಪಿಯರ್ ಇಳಿಸಿಕೊಳ್ಳುತ್ತದೆ, ಬೆಳಗಾದರೂ ಬ್ಯಾಟರಿ ತುಂಬಿರುವುದಿಲ್ಲ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಡ್ರಿಲ್ ಇಡುವ ಮೊದಲು ಗೋಡೆಯ ಹಿಂದೆ ಇಂಧನದ ಟ್ಯಾಂಕ್, ಪೈಪು, ವೈರು ಅಥವಾ ದೋಣಿಯ ಹೊರಮೈ ಇದೆಯೇ ಎಂದು ಕೈಯಾಡಿಸಿ ನೋಡಲೇಬೇಕು. ದೋಣಿಯ ಹೊರಮೈಗೆ ಒಂದು ಸ್ಕ್ರೂ ತೂತು ಬಿದ್ದರೂ ಸಾಕು, ನೀರು ದಾರಿ ಹುಡುಕಿಕೊಳ್ಳುತ್ತದೆ.

ತಂತಿಯ ವಿಷಯದಲ್ಲಿ ಆಗುವಷ್ಟು ಎಡವಟ್ಟುಗಳು ಬೇರೆಲ್ಲೂ ಆಗುವುದಿಲ್ಲ. ಚಾರ್ಜರಿನ ಜತೆ ಬಂದ ತಂತಿ ಸಾಲದೆ ಹೋದಾಗ ಕೈಗೆ ಸಿಕ್ಕ ಮನೆ ವೈರನ್ನು ಸೇರಿಸಿ ಉದ್ದ ಮಾಡುವುದುಂಟು. ಮೂರು ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದರೆ ಹೋಗಿಬರುವ ದಾರಿ ಆರು ಮೀಟರ್. ಅದರಲ್ಲಿ 10 ಆಂಪಿಯರ್ ಹರಿದಾಗ ಸುಮಾರು 0.45 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಚಾರ್ಜರ್ ತನ್ನ ಬಾಯಿಯಲ್ಲಿ 14.4 ವೋಲ್ಟ್ ನೋಡಿ ಬಲ್ಕ್ ಮುಗಿಯಿತೆಂದುಕೊಂಡಾಗ ಬ್ಯಾಟರಿಯಲ್ಲಿರುವುದು 14ಕ್ಕಿಂತ ಕಡಿಮೆ. 6 ಸ್ಕ್ವೇರ್ ಎಂಎಂ ಹಾಕಿದರೆ ಸೋರಿಕೆ 0.2 ವೋಲ್ಟಿನೊಳಗೆ ನಿಲ್ಲುತ್ತದೆ. ತುಂಬುವುದಕ್ಕೂ ತುಂಬದಿರುವುದಕ್ಕೂ ನಡುವೆ ಇರುವುದು ಒಂದು ವೋಲ್ಟಿಗಿಂತ ಕಡಿಮೆ ಅಂತರ ಎಂಬುದನ್ನು ನೆನೆದರೆ ಹೀಗೆ ಉಳಿಯುವ ಕಾಲು ವೋಲ್ಟಿನ ಬೆಲೆ ತಿಳಿಯುತ್ತದೆ. ಮನೆಯ ಗೋಡೆಯಲ್ಲಿ ಹಾಕುವ ಒಂಟಿಕಡ್ಡಿ ತಾಮ್ರವಂತೂ ದೋಣಿಗೆ ಬೇಡವೇ ಬೇಡ, ಅಲುಗಾಟಕ್ಕೆ ಮುರಿಯುತ್ತದೆ. ಹಲವು ಎಳೆಗಳ, ತವರ ಲೇಪಿಸಿದ ತಾಮ್ರದ ತಂತಿ ಬೇಕು. ತಂತಿಯ ತುದಿಗೆ ಹಾಕುವ ಲಗ್ಗುಗಳನ್ನು ತಕ್ಕ ಇಕ್ಕುಳದಿಂದ ಒತ್ತಿ ಕೂರಿಸಿ, ಮೇಲೆ ಬಿಸಿಗೆ ಬಿಗಿಯುವ ಕೊಳವೆ ಹಾಕಬೇಕು; ಬೆಸುಗೆಯೊಂದನ್ನೇ ನಂಬುವಂತಿಲ್ಲ.

ಪ್ಲಸ್ ತಂತಿಗೆ ಫ್ಯೂಸ್ ಕಡ್ಡಾಯ, ಅದೂ ಬ್ಯಾಟರಿಯ ಕಡೆಗೆ. ಚಾರ್ಜರ್ ಕೊಡುವುದು ಹತ್ತು ಆಂಪಿಯರ್ ಅಷ್ಟೇ ಅಲ್ಲವೇ, ಫ್ಯೂಸ್ ಚಾರ್ಜರಿನ ಬಳಿ ಇದ್ದರೆ ಸಾಲದೇ ಎಂದು ಕೆಲವರು ವಾದಿಸುತ್ತಾರೆ. ತಂತಿಯ ಹೊದಿಕೆ ಎಲ್ಲೋ ಉಜ್ಜಿ ಹರಿದು ಶಾರ್ಟ್ ಆದಾಗ ಅದರಲ್ಲಿ ನುಗ್ಗುವುದು ಚಾರ್ಜರಿನ ಹತ್ತು ಆಂಪಿಯರ್ ಅಲ್ಲ, ಬ್ಯಾಟರಿಯ ನೂರಾರು ಆಂಪಿಯರ್. ಹರಿದ ಜಾಗಕ್ಕೂ ಬ್ಯಾಟರಿಗೂ ನಡುವೆ ಫ್ಯೂಸ್ ಇದ್ದರೆ ಮಾತ್ರ ಪ್ರಯೋಜನ. ಎಬಿವೈಸಿಯ ಸಾಮಾನ್ಯ ನಿಯಮ ವಿದ್ಯುತ್ ಮೂಲದಿಂದ 7 ಅಂಗುಲದೊಳಗೆ ಫ್ಯೂಸ್ ಇರಲಿ ಎನ್ನುತ್ತದೆ. ನೇರ ಬ್ಯಾಟರಿಗೆ ಸೇರಿದ ತಂತಿ ಉದ್ದಕ್ಕೂ ಕೊಳವೆಯೊಳಗೆ ಸುರಕ್ಷಿತವಾಗಿದ್ದರೆ 72 ಅಂಗುಲದವರೆಗೆ ವಿನಾಯಿತಿ ಇದೆ. ವಿನಾಯಿತಿ ಬಳಸದಿರುವುದೇ ಕ್ಷೇಮ.

ಜೋಡಿಸುವ ಹೊತ್ತಿಗೆ ದಡದ ಪ್ಲಗ್ ತೆಗೆದಿರಬೇಕು. ಕೈಯ ಉಂಗುರ, ಬಳೆ, ಗಡಿಯಾರವನ್ನೂ ತೆಗೆದಿಡಬೇಕು, ಟರ್ಮಿನಲ್‌ಗಳ ನಡುವೆ ಸಿಕ್ಕಿದ ಉಂಗುರ ಕ್ಷಣದಲ್ಲಿ ಕಾದು ಬೆರಳನ್ನೇ ಸುಡಬಲ್ಲದು. ಮೊದಲು ಪ್ಲಸ್, ಆಮೇಲೆ ಮೈನಸ್. ಒಂದೇ ಟರ್ಮಿನಲ್ಲಿಗೆ ಹಲವು ಲಗ್ಗುಗಳು ಬಂದರೆ ದೊಡ್ಡದು ಕೆಳಗೆ, ಚಾರ್ಜರಿನ ಸಣ್ಣದು ಮೇಲೆ. ಕೈಯಲ್ಲಿ ತಿರುಗಿಸುವ ರೆಕ್ಕೆಯ ನಟ್ಟುಗಳು ಅಲೆಯ ಹೊಡೆತಕ್ಕೆ ಸಡಿಲಾಗುವುದರಿಂದ ಪಾನಾ ಹಾಕಿ ಬಿಗಿಯುವ ನಟ್ಟೇ ಬೇಕು. ಬಣ್ಣದ ವಿಷಯದಲ್ಲಿ ಒಂದು ಎಚ್ಚರ: ಅಮೆರಿಕದ ಪದ್ಧತಿಯಲ್ಲಿ ಮನೆ ಕರೆಂಟಿನ ಲೈವ್ ತಂತಿಯೂ ಕಪ್ಪು, ಬ್ಯಾಟರಿಯ ಮೈನಸ್ಸೂ ಕಪ್ಪು. ಎರಡೂ ಒಂದೇ ದೋಣಿಯಲ್ಲಿ ಸೇರಿದಾಗ ಕೈತಪ್ಪಿದರೆ ಪ್ರಾಣಾಪಾಯ. ಆದ್ದರಿಂದಲೇ ಬ್ಯಾಟರಿಯ ಮೈನಸ್‌ಗೆ ಹಳದಿ ತಂತಿ ಬಳಸುವ ಪದ್ಧತಿಯೂ ಬೆಳೆದಿದೆ.

ದಡದ ಕರೆಂಟಿನ ಕಡೆಗೆ ಬಂದರೆ, ಪ್ಲಗ್ ಪಾಯಿಂಟಿನಲ್ಲಿ ಸೋರಿಕೆ ಹಿಡಿಯುವ ಸಾಧನ ಇರಲೇಬೇಕು. ಅಮೆರಿಕದ ಜಿಎಫ್‌ಸಿಐ ಸುಮಾರು 5 ಮಿಲಿಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುತ್ತದೆ. ಇಲ್ಲಿನ ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಎಕ್ಸ್‌ಟೆನ್ಶನ್ ವೈರಿಗೆ ಅರ್ಥಿಂಗ್ ಸಹಿತ ಮೂರು ಪಿನ್ ಇರಬೇಕು, ಅದನ್ನು ಮೊದಲು ದೋಣಿಗೆ ಸಿಕ್ಕಿಸಿ ಆಮೇಲೆ ಗೋಡೆಗೆ ಸಿಕ್ಕಿಸಬೇಕು. ತೆಗೆಯುವಾಗ ಇದರ ತಿರುಗುಮುರುಗು. ಜೀವಂತ ತುದಿ ಕೈಯಲ್ಲಿ ಹಿಡಿದು ನೀರಿನ ಮೇಲೆ ಬಾಗುವ ಪ್ರಸಂಗ ಬರಬಾರದು ಎಂಬುದಷ್ಟೇ ಇದರ ಉದ್ದೇಶ.

ಟ್ರೇಲರಿನ ಮೇಲೆ ಮನೆಯಂಗಳದಲ್ಲಿ ನಿಂತ ದೋಣಿಯ ಕತೆ ಇಷ್ಟಕ್ಕೆ ಮುಗಿಯುತ್ತದೆ. ನೀರಿನಲ್ಲೇ ತೇಲುತ್ತಾ ಚಾರ್ಜ್ ಆಗುವ ದೋಣಿಗೆ ಇನ್ನೆರಡು ಅಪಾಯಗಳಿವೆ. ಮೊದಲನೆಯದು ಜೀವಕ್ಕೆ ಸಂಬಂಧಿಸಿದ್ದು. ದೋಣಿಯ ವೈರಿಂಗಿನಲ್ಲಿ ದೋಷವಿದ್ದು ಅರ್ಥಿಂಗ್ ಕಡಿದುಹೋಗಿದ್ದರೆ ಮನೆ ಕರೆಂಟು ದೋಣಿಯ ಲೋಹದ ಭಾಗಗಳ ಮೂಲಕ ನೀರಿಗಿಳಿಯುತ್ತದೆ. ಉಪ್ಪುನೀರಿನಲ್ಲಿ ಈಜುವವರ ಸುತ್ತಣ ನೀರೇ ದೇಹಕ್ಕಿಂತ ಒಳ್ಳೆಯ ವಾಹಕ, ಕರೆಂಟು ಅವರನ್ನು ಸುತ್ತಿಬಳಸಿ ಹೋಗುತ್ತದೆ. ಸಿಹಿನೀರಿನಲ್ಲಿ ಇದು ತಲೆಕೆಳಗು: ಉಪ್ಪಿನಂಶವಿರುವ ದೇಹವೇ ನೀರಿಗಿಂತ ಒಳ್ಳೆಯ ವಾಹಕ. 10 ಮಿಲಿಆಂಪಿಯರ್ ಆಸುಪಾಸಿನ ಕರೆಂಟೂ ಸ್ನಾಯುಗಳನ್ನು ಸೆಟೆಸಬಲ್ಲದು. ಈಜು ಬಲ್ಲವರೂ ಕೈಕಾಲು ಆಡಿಸಲಾಗದೆ ಮುಳುಗುತ್ತಾರೆ. ಅಮೆರಿಕದ ಸರೋವರಗಳಲ್ಲಿ ಇಂಥ ಸಾವುಗಳು ಸಂಭವಿಸಿರುವುದರಿಂದಲೇ ಕರೆಂಟು ಇರುವ ಜೆಟ್ಟಿಯ ಸುತ್ತ ಈಜಬಾರದೆಂಬ ಎಚ್ಚರಿಕೆಯನ್ನು ಅಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಕೆರೆ, ಹಿನ್ನೀರು, ಜಲಾಶಯಗಳಲ್ಲಿ ದೋಣಿ ಇಡುವ ನಮ್ಮವರಿಗೂ ಈ ಮಾತು ಒಪ್ಪುತ್ತದೆ. ಅರ್ಥಿಂಗ್ ಪಿನ್ ಮುರಿದು ಹಾಕುವ ಚಾಳಿಗೆ ಇಲ್ಲಿ ಕ್ಷಮೆಯಿಲ್ಲ.

ಎರಡನೆಯದು ದೋಣಿಯ ಲೋಹಕ್ಕೆ ಬರುವ ಕುತ್ತು. ಅಕ್ಕಪಕ್ಕದ ದೋಣಿಗಳೆಲ್ಲ ಒಂದೇ ಜೆಟ್ಟಿಯ ಅರ್ಥಿಂಗಿಗೆ ಸೇರಿದಾಗ, ಒಂದರ ಅಲ್ಯೂಮಿನಿಯಂ ಇನ್ನೊಂದರ ಕಂಚು ಉಪ್ಪುನೀರಿನಲ್ಲಿ ಕೂಡಿ ಅವೇ ಒಂದು ಬ್ಯಾಟರಿಯಾಗುತ್ತವೆ. ಕಡಿಮೆ ದರ್ಜೆಯ ಲೋಹ ಕರಗುತ್ತಾ ಹೋಗುತ್ತದೆ. ಅರ್ಥಿಂಗನ್ನು ಕಡಿಯುವುದು ಇದಕ್ಕೆ ಪರಿಹಾರವಲ್ಲ. ಗ್ಯಾಲ್ವನಿಕ್ ಐಸೊಲೇಟರ್ ಎಂಬ ಸಾಧನ ಸುಮಾರು 1.2 ವೋಲ್ಟಿನವರೆಗಿನ ಈ ಸಣ್ಣ ಸೋರಿಕೆಯನ್ನು ತಡೆದು, ನಿಜವಾದ ದೋಷದ ಕರೆಂಟನ್ನು ಮಾತ್ರ ನೆಲಕ್ಕೆ ಹರಿಯಗೊಡುತ್ತದೆ.

ಎಲ್ಲ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಬೇಕು. ಪ್ಲಗ್ ಹಾಕುವ ಮೊದಲು ಒಂದೊಂದು ಬ್ಯಾಟರಿಯ ವೋಲ್ಟೇಜ್ ಬರೆದಿಟ್ಟುಕೊಂಡು, ಹಾಕಿದ ಕೆಲವು ನಿಮಿಷಗಳ ನಂತರ ಮತ್ತೆ ನೋಡಿದರೆ ಪ್ರತಿಯೊಂದರಲ್ಲೂ ಏರಿಕೆ ಕಾಣಬೇಕು. ಒಂದರಲ್ಲಿ ಏರದಿದ್ದರೆ ಆ ಬ್ಯಾಂಕಿನ ಫ್ಯೂಸನ್ನೋ ಲಗ್ಗನ್ನೋ ಶಂಕಿಸಬೇಕು. ತಂತಿ, ಲಗ್ಗುಗಳನ್ನು ಮುಟ್ಟಿ ನೋಡಿದಾಗ ಒಂದೆಡೆ ಮಾತ್ರ ಬಿಸಿ ಕಂಡರೆ ಅಲ್ಲಿ ಜೋಡಣೆ ಸಡಿಲ. ಹಸಿರು ದೀಪ ಬಂದ ಮೇಲೆ ಪ್ಲಗ್ ತೆಗೆದು, ರಾತ್ರಿ ಕಳೆದು ಅಳೆದಾಗ ಮೂರು ಬ್ಯಾಟರಿಗಳಲ್ಲಿ 12.7, ಒಂದರಲ್ಲಿ 12.3 ಬಂದರೆ ತಪ್ಪು ಚಾರ್ಜರಿನದಲ್ಲ, ಆ ಬ್ಯಾಟರಿಯ ಆಯಸ್ಸು ಮುಗಿಯುತ್ತಿದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೇಲಿನ ಮಾತುಗಳಲ್ಲಿ ಕೆಲವು ಹೊಂದುವುದಿಲ್ಲ. ಅದರಲ್ಲಿ ತಲಾ 3.2 ವೋಲ್ಟಿನ ನಾಲ್ಕು ಕೋಶಗಳಿದ್ದು 14.2ರಿಂದ 14.6 ವೋಲ್ಟಿಗೆ ತುಂಬುತ್ತದೆ. ಹರಳುಗಟ್ಟುವ ಭಯವಿಲ್ಲ, ಫ್ಲೋಟಿನ ಅಗತ್ಯವಿಲ್ಲ. ಉಷ್ಣಾಂಶಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವ ಸೌಲಭ್ಯ, ಈಕ್ವಲೈಸೇಶನ್, ಸಲ್ಫೇಟ್ ಒಡೆಯಲು ವೋಲ್ಟೇಜನ್ನು ಮಿಡಿಸುವ ಕ್ರಮ ಇವೆಲ್ಲ ಅದಕ್ಕೆ ಹಾನಿಕರ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಕೋಶ ಕೆಡುತ್ತದೆ. ಮಿನೆಸೋಟದ ಚಳಿಗಾಲದಲ್ಲಿ ಇದು ದೊಡ್ಡ ಸಂಗತಿ, ಕಾರವಾರದಲ್ಲಿ ಅಲ್ಲ. ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲುಗಾರ ಅತಿಯಾದಾಗ ಸಂಪರ್ಕ ಕಡಿದು ಕಾಪಾಡುತ್ತದೆ ನಿಜ. ಅದನ್ನು ನೆಚ್ಚಿ ಹಳೆಯ ಚಾರ್ಜರನ್ನೇ ಮುಂದುವರಿಸುವುದು ಸರಿಯಲ್ಲ.

ಕರ್ನಾಟಕದ ಕರಾವಳಿಯ ಟ್ರಾಲ್ ಬೋಟುಗಳಲ್ಲಿ ಡೀಸೆಲ್ ಎಂಜಿನ್ ಗಂಟೆಗಟ್ಟಲೆ ಓಡುವುದರಿಂದ ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್, ದೀಪಗಳಿಗೆ ಬೇಕಾದ ಚಾರ್ಜನ್ನು ಎಂಜಿನ್ನಿನ ಆಲ್ಟರ್ನೇಟರೇ ಕೊಡುತ್ತದೆ. ದಡದ ಚಾರ್ಜರಿನ ಮಾತು ಬರುವುದು ಮಳೆಗಾಲದಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದರೂ ತಿಂಗಳು ತಿಂಗಳು ಒಂದಿಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ, ಜಿಪಿಎಸ್ಸಿನಂಥ ಸಾಧನಗಳು ಆರಿಸಿದ್ದರೂ ಎಳೆಯುವ ಅಲ್ಪ ಕರೆಂಟು ಅದಕ್ಕೆ ಸೇರುತ್ತದೆ. ಆ ಎರಡು ತಿಂಗಳು ಫ್ಲೋಟಿನಲ್ಲಿ ಬಿಡಲು ಕರೆಂಟಿನ ಸೌಕರ್ಯವಿದ್ದರೆ ಸಣ್ಣ ಆನ್‌ಬೋರ್ಡ್ ಚಾರ್ಜರ್ ಸಾಕು. ಇಲ್ಲದಿದ್ದರೆ ಪೂರ್ತಿ ತುಂಬಿಸಿ, ಮೈನಸ್ ತಂತಿ ಬಿಚ್ಚಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಪ್ಲೇಟುಗಳು ನೀರಿನಿಂದ ಮೇಲೆ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟನ್ನು ಮೊದಲೇ ಹಾಕಬೇಕು. ಲಿಥಿಯಂ ಬ್ಯಾಟರಿಯನ್ನು ಇಡುವ ರೀತಿ ಇದಕ್ಕೆ ತದ್ವಿರುದ್ಧ: ಅರ್ಧದಷ್ಟು ಚಾರ್ಜ್ ಉಳಿಸಿ, ಚಾರ್ಜರಿನ ಪ್ಲಗ್ ಕಿತ್ತು, ಎಲ್ಲ ಸಾಧನಗಳಿಂದ ಬೇರ್ಪಡಿಸಿ, ಬಿಸಿಲು ತಾಗದ ಕಡೆ ಇಡಬೇಕು, ನೀರಿಗಿಳಿಯುವ ಹಿಂದಿನ ದಿನ ಪೂರ್ತಿ ತುಂಬಿಸಿದರೆ ಸಾಕು.